ತಗಡಿನ ಪೆಟ್ಟಿಗೆಯ ಕೂದಲು

ಹೆಬ್ಬೆರಳಿಗೆ ಏನೋ ಅಂಟಿದೆ, ಕೂದಲು, ಉದ್ದದ್ದು, ಈ ಮನೆಯಲ್ಲಿ ಊಟದಲ್ಲೂ ಕೂದಲು, ಸೋಪಿನಲ್ಲೂ ಕೂದಲು, ತನ್ನ ಬೋಳುತಲೆಯೊಂದನ್ನು ಬಿಟ್ಟು ಎಲ್ಲೆಲ್ಲೂ ಕೂದಲು, ಪ್ಯಾಂಟಿಗೆ ಒರೆಸಿಕೊಂಡು ಬೀಗ ರಿಪೇರಿಯವನು ಮಗಳ ತಗಡಿನ ಪೆಟ್ಟಿಗೆಯೊಳಗೆ ಕಣ್ಣು ಹಾಯಿಸಿದ, ನೋಟುಗಳಿವೆ, ಚಿಲ್ಲರೆಯಿದೆ, ಎಲ್ಲ ಇದ್ದ ಹಾಗೇ ಇದೆ, ಹಾಗಾದರೆ ಭಾವಮೈದ ಮುಟ್ಟಿಲ್ಲವೇ — ಬೆಳಿಗ್ಗೆ ಎತ್ತಿ ಅಲ್ಲಾಡಿಸಿದಾಗ ಸದ್ದು ಕಡಿಮೆ ಅನ್ನಿಸಿತ್ತಲ್ಲ, ಕೆಲಸವಿಲ್ಲದೆ ಮೂರು ತಿಂಗಳಿಂದ ಇಲ್ಲೇ ಠಿಕಾಣಿ ಹೂಡಿದವನ ಕಾಲಿಗೆ ಹೊಸ ಬೂಟು ಎಲ್ಲಿಂದ ಬಂತು, ಗೆಳೆಯ ಕೊಟ್ಟ, ಭಾವ, ಅಂತಾನೆ, ಬೂಟು ಕೊಡುವ ಗೆಳೆಯ ತನಗೊಬ್ಬನೂ ಸಿಗಲಿಲ್ಲವಲ್ಲ, ನಿಮಗೆ ಎಲ್ಲರ ಮೇಲೂ ಅನುಮಾನ ಕಣ್ರೀ ಅಂತಾಳೆ ಹೆಂಡತಿ, ತಮ್ಮನನ್ನು ವಹಿಸಿಕೊಳ್ಳದೆ ಇರುತ್ತಾಳೆಯೇ. ಅದಕ್ಕೇ ಮಧ್ಯಾಹ್ನ ಯಾರೂ ಇಲ್ಲದ ಹೊತ್ತು ನೋಡಿ ಬಂದು, ತಾನೇ ಹಾಕಿಕೊಟ್ಟ ಬೀಗವನ್ನು ತಾನೇ ತಂತಿಯಲ್ಲಿ ಬಿಡಿಸಿದ್ದು, ಕೀಲಿ ಇರುವುದು ಒಂದೇ, ಮಗಳ ಕೊರಳಲ್ಲಿ, ಸ್ನಾನಕ್ಕೂ ತೆಗೆಯುವುದಿಲ್ಲ, ಎಂಟು ವರ್ಷದವಳಿಗೆ ರಿಮೋಟಿನಲ್ಲಿ ನಡೆಯುವ ಹಳದಿ ಕ್ರೇನೇ ಆಗಬೇಕು, ಬೆಲೆ ಕೇಳಿ ತಲೆ ತಿರುಗಿತ್ತು, ನೀನು ಪೆಟ್ಟಿಗೆಗೆ ಹತ್ತು ಹಾಕು ಪುಟ್ಟಿ ನಾನೂ ಹತ್ತು ಹಾಕ್ತೀನಿ, ನಿಜವಾಗ್ಲೂನಾ ಅಪ್ಪ, ನಿಜವಾಗ್ಲೂ ಕಣೇ.

ಮುಚ್ಚಲು ಹೋದರೆ ಮುಚ್ಚಳದ ಅಂಚಿನಲ್ಲಿ ಇನ್ನೊಂದು ತುಂಡು ಕೂದಲು, ತುದಿಗೆ ಒಣಗಿದ ಗೋಂದಿನ ಚುಕ್ಕೆ — ಇದು ತಾನಾಗಿ ಉದುರಿದ್ದಲ್ಲ, ಅಂಟಿಸಿದ್ದು, ಬೀಗವೊಂದನ್ನೇ ನಂಬಬೇಡಿ ಸಾರ್, ಸಂದಿಗೆ ಅಡ್ಡ ಒಂದು ಕೂದಲು ಅಂಟಿಸಿ ಹೋಗಿ, ತುಂಡಾಗಿದ್ರೆ ಯಾರೋ ತೆಗೆದಿದ್ದಾರೆ ಅಂತ, ಗಿರಾಕಿಗಳಿಗೆ ಅವನು ಹೇಳುವ ಮಾತು, ಸ್ಟೂಲಿನ ಮೇಲೆ ಕಾಲಾಡಿಸುತ್ತ ಕೂತು ಕೇಳಿಸಿಕೊಂಡಿದ್ದಾಳೆ ಕಳ್ಳಿ, ಭಲೇ, ಸೋದರಮಾವನನ್ನು ಹಿಡಿಯಲು ಇವಳೂ ಹೊಂಚು ಹಾಕಿದ್ದಾಳೆ, ನನ್ನ ಮಗಳೇ ಸರಿ — ಆದರೆ ಆ ಮಾವನಿಗೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸಲೂ ಬಾರದು, ಕೀಲಿಯಿಲ್ಲದೆ ಬೀಗ ತೆಗೆಯುವವರು ಈ ಮನೆಯಲ್ಲಿ ಇರುವುದು ಒಬ್ಬರೇ.

ಹೋದ ತಿಂಗಳು ಅಂಗಡಿ ಬಾಡಿಗೆಗೆ ಎರಡು ನೋಟು ತೆಗೆದಿದ್ದ, ಮೂರನೆಯ ದಿನವೇ ವಾಪಸು ಇಟ್ಟಿದ್ದ, ಯಾರಿಗೂ ಗೊತ್ತಾಗಿಲ್ಲ ಅಂದುಕೊಂಡಿದ್ದ, ಅವಳು ಒಂದೊಂದನ್ನೂ ನಾಲ್ಕು ಮಡಿಕೆ ಮಾಡಿ ಇಡುತ್ತಾಳೆ, ಇವನು ಇಟ್ಟದ್ದು ಮಡಿಕೆಯೇ ಇಲ್ಲದ್ದು, ಈಗಲೂ ಒಳಗೆ ಅವೆರಡೇ ಸಪಾಟಾಗಿ ಬಿದ್ದಿವೆ. ನೋಡಿದ್ದಾಳೆ, ನೋಡಿಯೂ ಉಸಿರೆತ್ತಿಲ್ಲ, ಇವತ್ತು ಬೆಳಿಗ್ಗೆಯೂ ಇವನ ಬೆರಳು ಹಿಡಿದೇ ರಸ್ತೆ ದಾಟಿದಳು, ಇವತ್ತು ತೆಗೆದದ್ದು ಕಾಯುವುದಕ್ಕೆ ಪುಟ್ಟಿ, ಕದಿಯುವುದಕ್ಕಲ್ಲ, ಯಾರು ನಂಬುತ್ತಾರೆ, ಅವನೇ ನಂಬುತ್ತಿರಲಿಲ್ಲ — ಬಾಚಣಿಗೆಯಲ್ಲಿ ಅವಳದೇ ಒಂದು ಕೂದಲು ಸಿಕ್ಕಿತು, ಗೋಂದೂ ಸಿಕ್ಕಿತು, ಬೀಗ ಹಾಕಿದ, ಕೆಳಗೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು, ಅಮ್ಮಾ ನಾನು ಮುಂದೆ, ನಿಧಾನ ಕಣೇ, ಯಾವ ಕಡೆ ಅಂಟಿಸಿದ್ದಳು, ಎಡಕ್ಕೋ, ಬಲಕ್ಕೋ, ಬೀಗದ ಪಕ್ಕದಲ್ಲೋ, ಬೆರಳ ತುದಿಯಲ್ಲಿ ಒದ್ದೆ ಗೋಂದು, ಅದರಲ್ಲಿ ಆ ಕೂದಲು, ಎಡಕ್ಕೋ, ಬಲಕ್ಕೋ, ಆ ಕೂದಲು —