ಅಂಚಿನಲ್ಲಿ ಮಾವನ ಗುರುತುಗಳು

ಮೂವತ್ತು ವರ್ಷ ಲೇತ್ ಮುಂದೆ ನಿಂತು ಕೈಯಾರೆ ಲೋಹ ಕಡೆಯುತ್ತಿದ್ದ ನನ್ನ ಸೋದರಮಾವ ಈಗ ಕುರ್ಚಿಯಲ್ಲಿ ಕೂತು, ಲೋಹ ಕತ್ತರಿಸುವ ಯಂತ್ರಕ್ಕೆ ಪ್ರೋಗ್ರಾಮ್ ಬರೆಯುತ್ತಾನೆ. ಅದೇ ವರ್ಕ್‌ಶಾಪಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ನಾನು. ಅವನು ಪ್ರೋಗ್ರಾಮ್ ಬರೆಯುವ ಎಡಿಟರ್ ಪರದೆಯನ್ನು ಹೊಂದಿಸಿದ್ದೂ ನಾನೇ: ಸಾಲುಗಳ ಎಡ ಅಂಚಿನಲ್ಲಿ ತಪ್ಪಿಗೆ ಕೆಂಪು ಚುಕ್ಕೆ, ಅನುಮಾನಕ್ಕೆ ಹಳದಿ, ಬರಿಯ ಸಲಹೆಗೆ ಹಸಿರು. ಎಷ್ಟು ಚೆಂದ ಎಂದು ಬೀಗಿದ್ದೆ.

ಹೋದ ವಾರ ಮಾವ ಬೆಳಿಗ್ಗೆಯೆಲ್ಲ ಕೂತು ಸಲಹೆಗಳನ್ನು ಒಂದೊಂದಾಗಿ ತಿದ್ದಿ, ತಪ್ಪನ್ನು ಮಾತ್ರ ಹಾಗೇ ಯಂತ್ರಕ್ಕೆ ಕಳಿಸಿದ. ಯಂತ್ರದ ಕತ್ತರಿಸುವ ಟೂಲ್ ಮುರಿಯಿತು. ಇನ್ನೊಮ್ಮೆ ಹೀಗಾದರೆ ನಿನ್ನನ್ನು ಸಾಮಾನು ಎಣಿಸಲು ಸ್ಟೋರಿಗೆ ಹಾಕುತ್ತೇನೆ ಎಂದರು ಸೂಪರ್‌ವೈಸರ್.

"ಕಣ್ಣೆದುರಿಗೇ ಕೆಂಪಗೆ ಇತ್ತಲ್ಲ ಮಾವ!"

"ಇತ್ತೇನೋ."

"ಏನೋ ಅಂದ್ರೆ?"

ಮಾವ ಕನ್ನಡಕ ಒರೆಸತೊಡಗಿದ. ಅದು ಆಗಲೇ ಫಳಫಳ ಅನ್ನುತ್ತಿತ್ತು. "ನಂಗೆ ಕೆಂಪು, ಹಸಿರು ಎರಡೂ ಒಂದೇ ಕಣೇ, ಉಳಿದದ್ದೂ ಸಲಹೇನೇ ಅಂದ್ಕೊಂಡು ಬಿಟ್ಟೆ. ಹುಟ್ಟಿದಾಗಿಂದ ನನ್ನ ಕಣ್ಣು ಹೀಗೇ. ನಿಮ್ಮಮ್ಮಂಗೂ ಗೊತ್ತಿಲ್ಲ. ನೀನೀಗ ಡಂಗುರ ಹೊಡೀಬೇಡ."

"ಇಷ್ಟು ವರ್ಷ ಹೇಗೆ ನಡೆಸಿದೆ?"

"ಲೇತ್‌ನಲ್ಲಿ ಬಣ್ಣ ಎಲ್ಲಿತ್ತು? ಕೈಗೇ ಗೊತ್ತಾಗ್ತಿತ್ತು."

ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಸೆಟ್ಟಿಂಗ್ಸ್ ಫೈಲ್ ತೆರೆದೆ. "ಬಣ್ಣ ಬೇಡ, ಆಕಾರ ಕೊಡೋಣ. ತಪ್ಪಿಗೆ ತ್ರಿಕೋನ, ಅನುಮಾನಕ್ಕೆ ಚೌಕ..."

"ಇದೇನೇ, ರೇಖಾಗಣಿತದ ಪರೀಕ್ಷೆನಾ? ಅದ್ರಲ್ಲಿ ಡುಮ್ಕಿ ಹೊಡೆದೇ ನಾನಿಲ್ಲಿಗೆ ಬಂದಿದ್ದು."

"ಮತ್ತಿನ್ನೇನು ಬೇಕು ನಿಂಗೆ? ಎರಡು ಅಕ್ಷರದಷ್ಟೇ ಜಾಗ ಇರೋದು ಅಲ್ಲಿ."

ಮಾವ ಜೇಬಿನಿಂದ ಸೀಮೆಸುಣ್ಣದ ತುಂಡು ತೆಗೆದು ಮೇಜಿನ ಮೇಲೇ ಗೀಚಿದ. ಕೆಟ್ಟ ಬಿಡಿಭಾಗಕ್ಕೆ ಕತ್ತರಿ ಗುರುತು. ಇನ್ನೊಮ್ಮೆ ನೋಡಬೇಕಾದದ್ದಕ್ಕೆ ಹಾವಿನಂಥ ಗೆರೆ. ಪರವಾಗಿಲ್ಲ ಅನ್ನುವಂಥದಕ್ಕೆ ಚುಕ್ಕೆ. ಮೂವತ್ತು ವರ್ಷ ಲೋಹದ ಮೇಲೆ ಅವನು ಬರೆದದ್ದು ಈ ಮೂರೇ.

ಮೂರು ಸಾಲು ಬದಲಿಸಿದೆ. ಮಾವ ಆ ದಿನದ ಪ್ರೋಗ್ರಾಮ್ ತೆರೆದು, ಅಂಚಿನುದ್ದಕ್ಕೂ ಬೆರಳಿಳಿಸಿದ. ಚುಕ್ಕೆ, ಚುಕ್ಕೆ, ಹಾವು, ಚುಕ್ಕೆ. ನಲವತ್ತನೇ ಸಾಲಿನ ಕತ್ತರಿಯ ಮೇಲೆ ಬೆರಳು ನಿಂತಿತು.

"ಸಿಕ್ಕಿದ ಕಳ್ಳ!"

ಒಂದು ಅಳತೆ ಬಿಟ್ಟುಹೋಗಿತ್ತು. ತುಂಬಿಸಿ, ಹಾವನ್ನೂ ಎರಡು ಸಲ ಓದಿ, ಯಂತ್ರಕ್ಕೆ ಕಳಿಸಿದ. ಹೊರಬಂದ ಬಿಡಿಭಾಗವನ್ನು ಸೂಪರ್‌ವೈಸರ್ ಅಳೆದರು, ತಿರುಗಿಸಿ ಮತ್ತೆ ಅಳೆದರು, ಕೆಳಗಿಟ್ಟು ಹೊರಟುಹೋದರು. ಸ್ಟೋರಿನ ಮಾತೆತ್ತಲಿಲ್ಲ.

ಸಂಜೆ ಸೈಕಲ್ಲಿನ ಬೀಗ ತೆಗೆಯಲು ಬಗ್ಗಿದಾಗ ಹಿಂದಿನ ಟೈರಿನ ಮೇಲೆ ಸೀಮೆಸುಣ್ಣದ ಬಿಳಿಯ ಹಾವು ಕಂಡಿತು. ಹೆಬ್ಬೆರಳಿನಿಂದ ಒತ್ತಿ ನೋಡಿದೆ. ರಬ್ಬರ್ ಸವೆದು ದಾರ ಇಣುಕುತ್ತಿತ್ತು.

ಸೈಕಲ್ ತಳ್ಳಿಕೊಂಡೇ ಮನೆಗೆ ಹೋದೆ.