ದೊಡ್ಡಣ್ಣನ ಬೆನ್ನು

ನೇತ್ರಾವತಿಗೆ ಒಂದು ಕಡೆ ಕೂತೇ ಗೊತ್ತಿಲ್ಲ. ಚನ್ನಗಿರಿ ಹೊರಗಿನ ಪ್ರಾಣಿಗಳ ಆಶ್ರಯ ಕೇಂದ್ರದಲ್ಲಿ ಬೆಳಗಿನಿಂದ ಸಂಜೆತನಕ ಪೊರಕೆ, ಬಕೆಟ್ಟು, ಮತ್ತೆ ಪೊರಕೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದು ಡಾಕ್ಟರು ಸಂಧ್ಯಾರಾಣಿ ನಗುತ್ತಿದ್ದರು.

ಅವಳ ಪಾಲಿಗಿದ್ದದ್ದು ಎರಡು ಮಂಗ. ಕರೆಂಟು ಹೊಡೆದು ಒಂದು ಕೈ ಕಳೆದುಕೊಂಡ ದೊಡ್ಡಣ್ಣ. ಯಾರದೋ ಮನೆಯ ಸರಪಳಿಯಲ್ಲೇ ಬೆಳೆದ ಪುಟ್ಟಿ. ದೊಡ್ಡಣ್ಣನಿಗೆ ನಾಚಿಕೆ ಅನ್ನೋದೇ ಇಲ್ಲ. ಶನಿವಾರ ಜನ ಬಾಳೆಹಣ್ಣು ತಂದರೆ ಗೂಡಿನ ಸರಳಿಗೆ ಅಡ್ಡ ಕೂತು ಎಲ್ಲ ಕಸಿದು, ಸಿಪ್ಪೆ ಸಮೇತ ನುಂಗುತ್ತಿದ್ದ. ಹನುಮಪ್ಪ ಒಪ್ಪಿಕೊಂಡ ಎಂದು ಜನ ಕೈಮುಗಿಯುತ್ತಿದ್ದರು. ಪುಟ್ಟಿ ಅವನ ಬೆನ್ನಹಿಂದೆ ಮುದುಡಿರುತ್ತಿದ್ದಳು.

ಅದನ್ನು ಕಂಡರೆ ನೇತ್ರಾವತಿಗೆ ಹೊಟ್ಟೆ ಉರಿಯುತ್ತಿತ್ತು. ಅತ್ತೆಮನೆಯಲ್ಲಿ ಗಂಡಸರ ಊಟವಾದ ಮೇಲೆ ಪಾತ್ರೆಯ ತಳ ಕೆರೆದು ಉಂಡವಳು ಅವಳು.

“ಮೇಡಂ, ಅವನು ಇರಾತನಕ ಪುಟ್ಟಿ ಹೊಟ್ಟೆ ತುಂಬಾಕಿಲ್ಲ. ಬ್ಯಾರೆ ಕಡೆ ಕಳಿಸಿಬಿಡ್ರಿ,” ಎಂದು ದಿನಾ ಪೀಡಿಸಿದಳು. ಕೊನೆಗೆ ದೂರದ ದೊಡ್ಡ ಕೇಂದ್ರವೊಂದು ಒಪ್ಪಿತು. ದೊಡ್ಡಣ್ಣ ಜೀಪು ಹತ್ತಿದ.

ಅಂದಿನಿಂದ ಪುಟ್ಟಿ ಹಣ್ಣು ಮುಟ್ಟಲಿಲ್ಲ. ರಾತ್ರಿ ಇಟ್ಟದ್ದು ಬೆಳಿಗ್ಗೆ ಹಾಗೇ ಕಪ್ಪಾಗಿರುತ್ತಿತ್ತು. ನೇತ್ರಾವತಿ ಜನ ಕಾಣದಂತೆ ಸರಳಿಗೆ ಗೋಣಿಚೀಲ ಕಟ್ಟಿದಳು, ಬೆಲ್ಲ ತಂದಳು, ಬೈದಳು, ಬೇಡಿಕೊಂಡಳು. ಗೂಡಿನ ಸುತ್ತ ತಿರುಗಿ ತಿರುಗಿ ಕಾಲು ಸೋತರೂ ಕೂರಲಾಗಲಿಲ್ಲ. ಡಾಕ್ಟರು ಸಲೈನ್ ಕೊಟ್ಟು, “ತಾನಾಗಿ ತಿನ್ನದಿದ್ರೆ ಉಳಿಯೋದು ಕಷ್ಟ,” ಎಂದರು.

ತಳಮಳ ತಾಳದೆ ಮತ್ತೆ ಪೊರಕೆ ಹಿಡಿದಳು. ಗೂಡಿನ ಮೂಲೆ ಗುಡಿಸಲು ಬಗ್ಗಿದವಳು ಹಾಗೇ ನಿಂತುಬಿಟ್ಟಳು. ಅಲ್ಲಿ ಸಿಪ್ಪೆ ಇರಲಿಲ್ಲ. ದೊಡ್ಡಣ್ಣ ಇದ್ದಾಗ ದಿನಾ ಅವನ ಬೆನ್ನಹಿಂದೆ ಸಣ್ಣಗೆ ಸುಲಿದ ಸಿಪ್ಪೆ ರಾಶಿ ಇರುತ್ತಿತ್ತು. ಅವನಿಗೇ ಶಾಪ ಹಾಕುತ್ತ ಗುಡಿಸಿದ್ದಳು. ಸಿಪ್ಪೆ ಸಮೇತ ನುಂಗುವವನು ಸುಲಿಯುವುದೆಲ್ಲಿಂದ ಬಂತು? ಅವನಿಂದ ಜಾರಿದ್ದನ್ನೆಲ್ಲ ಪುಟ್ಟಿ ಆ ಬೆನ್ನಿನ ಮರೆಯಲ್ಲಿ ನೆಮ್ಮದಿಯಾಗಿ ತಿನ್ನುತ್ತಿದ್ದಳು.

“ಮೇಡಂ, ತಪ್ಪು ಮಾಡಿದೆ. ಅವನ್ನ ವಾಪಸ್ ತರ್ಸ್ರಿ.”

“ಅಲ್ಲಿ ಗುಂಪಿಗೆ ಹೊಂದಿಕೊಂಡಿದ್ದಾನೆ ನೇತ್ರಾ. ಮತ್ತೆ ಕಿತ್ತು ತರಾಕೆ ಆಗಲ್ಲ.”

ನೇತ್ರಾವತಿ ಪೊರಕೆ ಕೆಳಗಿಟ್ಟಳು. ಗೂಡಿನೊಳಗೆ ಹೋಗಿ, ಪುಟ್ಟಿಯ ಮುಂದೆ ಹಣ್ಣಿಟ್ಟು, ದೊಡ್ಡಣ್ಣ ಕೂರುತ್ತಿದ್ದ ಜಾಗದಲ್ಲಿ ಸರಳಿನ ಕಡೆ ಮುಖಮಾಡಿ ಕೂತಳು. ಕಾಲು ಜೋಮು ಹಿಡಿಯಿತು. ಹೊರಗೆ ನಲ್ಲಿಯಡಿ ಇಟ್ಟಿದ್ದ ಬಕೆಟ್ಟು ತುಂಬಿ ನೀರು ಹರಿಯುತ್ತಿತ್ತು. ಎದ್ದು ನಲ್ಲಿ ನಿಲ್ಲಿಸಲು ಕೈ ತುರಿಸಿತು. ಏಳಲಿಲ್ಲ. ಒಮ್ಮೆ ತಿರುಗಿ ನೋಡಬೇಕೆಂದು ಜೀವ ಹಾತೊರೆಯಿತು. ತಿರುಗಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ಬೆನ್ನಿಗೆ ಏನೋ ಬೆಚ್ಚಗೆ ತಾಗಿತು. ಆಮೇಲೆ, ಸಿಪ್ಪೆ ಸುಲಿಯುವ ಸದ್ದು.