ವನಜಾಕ್ಷಿ ಹೇಳಿದ ಕೊನೆ

ಷಡಕ್ಷರಿಯ ಅಡಿಕೆ ಕಣದಲ್ಲಿ ಪಿಕ್ಚರ್ ಕಥೆ ಹೇಳುವವಳ ಡಬ್ಬ ಹಿಂದೆ ಬೀಳಬಾರದು ಎಂಬುದೊಂದು ಕಟ್ಟಳೆ. ಸುಲಿಯುವುದಕ್ಕೆ ಡಬ್ಬದ ಲೆಕ್ಕದಲ್ಲಿ ಕೂಲಿ, ಬಾಯಿ ಓಡುವಾಗ ಕೈ ನಿಧಾನ. ಅದಕ್ಕೇ ಕೇಳುವವರು ತಾವು ಸುಲಿದದ್ದರಿಂದ ಆಗಾಗ ಒಂದೊಂದು ಹಿಡಿ ತೆಗೆದು ಅವಳ ಡಬ್ಬಕ್ಕೆ ಹಾಕುತ್ತಾರೆ. ಯಾರೂ ಹೇಳಿ ಮಾಡಿಸಿದ್ದಲ್ಲ. ಇಂಟರ್‌ವಲ್ ತನಕ ಹಿಡಿ ಬೀಳುತ್ತಿದ್ದರೆ ಕಥೆ ಪರವಾಗಿಲ್ಲ ಎಂದರ್ಥ. ಕಥೆ ಮುಗಿದ ಮೇಲೂ ಬಿದ್ದರೆ ಪಿಕ್ಚರ್ ಗೆದ್ದಂತೆ.

ಅಜ್ಜಂಪುರದ ಹೊರಗಿನ ಆ ಶೀಟು ಹೊದಿಸಿದ ಕಣದಲ್ಲಿ ಇಷ್ಟು ವರ್ಷ ಗೆದ್ದ ಪಿಕ್ಚರುಗಳೆಲ್ಲ ವನಜಾಕ್ಷಿಯವೇ. ಅವಳು ಹೇಳಿದರೆ ಹೀರೋ ಬೀರೂರಿನ ಸಂತೆಯಲ್ಲಿ ಮೊನ್ನೆ ಕಂಡವನಂತಿರುತ್ತಿದ್ದ. ವಿಲನ್ನಿಗೆ ಯಾರೋ ಪರಿಚಯದವರ ಮುಖ ಬರುತ್ತಿತ್ತು. ಸುಲಿಯುವ ಕತ್ತಿಯ ಮುಂದೆ ಕೂತ ಹೆಂಗಸರು ಬಿಕ್ಕುತ್ತಿದ್ದರೆ, ಸುತ್ತಿನ ತೋಟಗಳ ಫಸಲನ್ನು ಖೇಣಿ ಹಿಡಿದ ಷಡಕ್ಷರಿ ಬಂದು, "ಏನ್ರಮ್ಮ, ಕಣ್ಣೀರು ಬಿದ್ದು ಅಡಿಕೆ ಕಪ್ಪಾದ್ರೆ ಯಾರು ಹೊಣೆ" ಎಂದು ಕೇಳಿ ತಾನೂ ಅಲ್ಲೇ ನಿಲ್ಲುತ್ತಿದ್ದ.

ಈ ಸುಗ್ಗಿಗೆ ಸೂಫಿಯಾ ಬಂದಳು.

ಬೈಕ್ ಗ್ಯಾರೇಜಿನ ಅಖೀಲನ ಹೆಂಡತಿ. ಸುಲಿಯುವುದರಲ್ಲಿ ಅಂಥ ಚುರುಕಲ್ಲ, ಮಾತಿನಲ್ಲಿ ಚುರುಕು. ರಾತ್ರಿ ಕೆಲಸ ಮುಗಿಸಿ ಮೊಬೈಲಿನಲ್ಲಿ ಪಿಕ್ಚರ್ ನೋಡುತ್ತಾಳೆ. ತಮಿಳೋ ಮಲಯಾಳವೋ ಅವಳಿಗೆ ಲೆಕ್ಕವಿಲ್ಲ, ಕೆಳಗೆ ಬರೆದು ಬರುತ್ತದಂತೆ. ಬೆಳಿಗ್ಗೆ ಬಂದು ಹೇಳುತ್ತಾಳೆ. ವನಜಾಕ್ಷಿಯಂತೆ ಮೊದಲಿಂದ ಕೊನೆವರೆಗೂ ಹೇಳುವುದೂ ಇಲ್ಲ. ಈ ಸೀನ್ ಚೆನ್ನಾಗಿದೆ, ಆ ಸೀನ್ ದಂಡ, ಹೀರೋಯಿನ್‌ಗೆ ಅಷ್ಟು ಬುದ್ಧಿ ಇದ್ದಿದ್ದರೆ ಕಥೆಯೇ ಇರುತ್ತಿರಲಿಲ್ಲ, ಇಂಥವೇ. ಅದು ಕಥೆ ಹೇಳುವ ರೀತಿಯೇ ಅಲ್ಲ ಎಂದು ವನಜಾಕ್ಷಿಯ ಅಭಿಪ್ರಾಯ. ಆದರೆ ಹೆಂಗಸರು ನಗುತ್ತಿದ್ದರು.

"ಈಗಿನ ಹೀರೋಗಳೆಲ್ಲ ಗಡ್ಡ ಬಿಟ್ಕಂಡು ಹೊಗೆ ಬಿಡೋದೇ ಆಯ್ತು," ಎಂದಳು ಒಂದು ದಿನ ತಿಪ್ಪಮ್ಮ. ಕಣದಲ್ಲಿ ಎಲ್ಲರಿಗಿಂತ ಹಿರಿಯಳು, ಎಲ್ಲರಿಗಿಂತ ಬೇಗ ಸುಲಿಯುವವಳು. "ಯಾವನು ಅಪ್ಪ ಯಾವನು ಮಗ ಅಂತ್ಲೇ ಗೊತ್ತಾಗಲ್ಲ. ನಮ್ ಕಾಲದ ಪಿಕ್ಚರ್ ನೋಡಿದ್ರೆ ಕರುಳು ಚುರ್ ಅನ್ನೋದು."

"ಹಳೇ ಪಿಕ್ಚರ್‌ನಾಗೆ ಏನೈತಜ್ಜಿ," ಸೂಫಿಯಾ ತಲೆಯೆತ್ತದೆ ಹೇಳಿದಳು. "ಅತ್ತೆ ಬೈಯೋದು, ಸೊಸೆ ಅಳೋದು. ಅದನ್ನ ನೋಡಕ್ಕೆ ಟಿಕೆಟ್ ಯಾಕೆ ತಗೋಬೇಕು? ನಮ್ಮನೇಲಿ ದಿನಾ ಬಿಟ್ಟಿ ಶೋ ಐತೆ."

ಕಣಕ್ಕೆ ಕಣವೇ ನಕ್ಕಿತು. ತಿಪ್ಪಮ್ಮನೂ ನಕ್ಕಳು. ನಗುತ್ತಲೇ ಅವಳ ಕೈ ತನ್ನ ರಾಶಿಗೆ ಹೋಗಿ, ಒಂದು ತುಂಬು ಹಿಡಿ ತೆಗೆದು ಸೂಫಿಯಾಳ ಡಬ್ಬಕ್ಕೆ ಹಾಕಿತು.

ತಿಪ್ಪಮ್ಮನ ಹಿಡಿ! ಅದು ಹದಿನೈದು ನಿಮಿಷ ಅಳಿಸಿದ ಮೇಲಷ್ಟೇ ಏಳುವ ಹಿಡಿ ಎಂದು ವನಜಾಕ್ಷಿ ಬಲ್ಲಳು. ಇವಳು ಒಂದು ಮಾತಿಗೆ ಗಿಟ್ಟಿಸಿಕೊಂಡಳು.

"ಮೊಬೈಲ್‌ನಾಗೆ ನೋಡೋದೂ ಒಂದು ಪಿಕ್ಚರ್ರೇನೇ?" ಎಂದಳು ವನಜಾಕ್ಷಿ. "ಅಂಗೈ ಅಗಲ ಇರುತ್ತೆ. ಹೀರೋ ಅತ್ನೋ ಬೆವರಿದ್ನೋ ಕಾಣ್ಸುತ್ತಾ?"

"ಅದೂ ಸರಿ ಅಕ್ಕಾ," ಎಂದಳು ಸೂಫಿಯಾ. ಜಗಳಕ್ಕೂ ಬರಲಿಲ್ಲ. ಅದು ಇನ್ನೂ ಉರಿಯಿತು.

ಆ ರಾತ್ರಿ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಗಂಡ ಕೆಂಪರಾಜು ತಟ್ಟೆ ಸರಿಸಿ, "ಯಾರ ಮೇಲೆ ಸಿಟ್ಟು?" ಎಂದು ಕೇಳಿದ. "ಯಾರ ಮೇಲೂ ಇಲ್ಲ. ಭಾನುವಾರ ಕಡೂರಿಗೆ ಹೋಗ್ತೀನಿ. ಹೊಸಾ ಪಿಕ್ಚರ್ ಬಂದೈತೆ," ಎಂದಳು. ಅವನು ಉಪ್ಪಿನ ಸುದ್ದಿ ಎತ್ತದೆ ಮಜ್ಜಿಗೆ ಕಲಸಿಕೊಂಡ.

ಟಾಕೀಸಿಗೆ ಬಂದದ್ದು ಮೊಬೈಲಿಗೆ ಬರಲು ತಿಂಗಳಾದರೂ ಬೇಕು ಎಂದು ಅವಳು ವಿಚಾರಿಸಿಕೊಂಡಿದ್ದಳು. ತಿಂಗಳ ತನಕ ಆ ಪಿಕ್ಚರ್ ಕಣದಲ್ಲಿ ಅವಳೊಬ್ಬಳದೇ.

ಪಿಕ್ಚರ್ ಚೆನ್ನಾಗಿತ್ತು. ಅಣ್ಣ ತಮ್ಮ ಇಬ್ಬರು. ತಮ್ಮ ಮಾಡಿದ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಅಣ್ಣ ಜೈಲಿಗೆ ಹೋಗುತ್ತಾನೆ. ತಮ್ಮ ಓದಿ ದೊಡ್ಡ ಮನುಷ್ಯನಾಗಿ, ಅಣ್ಣ ಸತ್ತನೆಂದು ಊರಿಗೆಲ್ಲ ಹೇಳಿಬಿಡುತ್ತಾನೆ. ಜೈಲಿನಿಂದ ಬಂದ ಅಣ್ಣ ಮದುವೆ ಛತ್ರಗಳಲ್ಲಿ ಅಡುಗೆಗೆ ಸೇರುತ್ತಾನೆ. ಕೊನೆಗೊಂದು ದಿನ ತಮ್ಮನ ಮಗಳ ಮದುವೆಯ ಅಡುಗೆ ಅವನ ಪಾಲಿಗೇ ಬರುತ್ತದೆ. ಗಡ್ಡ ಬಂದಿದೆ, ಬೆನ್ನು ಬಾಗಿದೆ, ಯಾರೂ ಗುರುತು ಹಿಡಿಯುವುದಿಲ್ಲ. ಪಂಕ್ತಿಯಲ್ಲಿ ತಮ್ಮ ಕೂತಿದ್ದಾನೆ. ಅಣ್ಣ ಸಾರಿನ ಬಕೀಟು ಹಿಡಿದು ಎಲೆಯಿಂದ ಎಲೆಗೆ ಬರುತ್ತಿದ್ದಾನೆ. ಸಾರು, ತೀರಿಹೋದ ತಾಯಿ ಮಾಡುತ್ತಿದ್ದ ಹುರುಳಿಕಾಳಿನ ಸಾರು.

ಅಷ್ಟು ಹೊತ್ತಿಗೆ ವನಜಾಕ್ಷಿ ಎದ್ದಳು. ಅವಳ ಊರೊಳಕ್ಕೆ ಹೋಗುವ ಕೊನೇ ಬಸ್ಸು ಪಿಕ್ಚರ್ ಮುಗಿಯುವ ತನಕ ಕಾಯುವುದಿಲ್ಲ, ಯಾವತ್ತೂ ಕಾದಿಲ್ಲ. ಮದುವೆಯಾಗಿ ಬಂದಾಗಿನಿಂದ ಅವಳು ಕಡೂರಿನಲ್ಲಾಗಲಿ ತರೀಕೆರೆಯಲ್ಲಾಗಲಿ ಒಂದು ಪಿಕ್ಚರನ್ನೂ ಕೊನೆತನಕ ನೋಡಿದವಳಲ್ಲ. ಕಡೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಬೀರೂರು ದಾಟುವಷ್ಟರಲ್ಲಿ ಕೊನೆ ತಾನಾಗಿ ಹುಟ್ಟಿಕೊಳ್ಳುತ್ತಿತ್ತು. ಸುಳ್ಳು ಹೇಳುತ್ತಿದ್ದೇನೆ ಎಂದು ಅವಳಿಗೆ ಒಂದು ದಿನವೂ ಅನ್ನಿಸಿದ್ದಿಲ್ಲ. ಮಿಕ್ಕಿದ್ದನ್ನು ಯಾರಾದರೂ ಮುಗಿಸಬೇಕಲ್ಲ.

ಸೋಮವಾರ ಕಣದಲ್ಲಿ ಅವಳು ಹೇಳಿದಳು. ತಮ್ಮ ಒಂದು ತುತ್ತು ಬಾಯಿಗಿಟ್ಟ. ಅಮ್ಮನ ಕೈರುಚಿ ನಾಲಗೆಗೆ ತಾಗಿತು. ತಲೆಯೆತ್ತಿ ನೋಡಿದ. ಎಂಜಲು ಕೈಯಲ್ಲೇ ಎದ್ದು, ಬೀಗರ ಮುಂದೆ, ಅಷ್ಟೂ ಜನರ ಮುಂದೆ, ಅಣ್ಣನ ಕಾಲಿಗೆ ಬಿದ್ದ. ಅಣ್ಣ ಅವನ ತಲೆ ಮೇಲೆ ಕೈಯಿಟ್ಟು ಒಂದೇ ಮಾತು ಹೇಳಿದ: "ಊಟದ ನಡುವೆ ಏಳಬಾರದು ಕಣಪ್ಪ. ಕೂತ್ಕೋ."

ತಿಪ್ಪಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಆ ಸಾಲು ಈ ಸಾಲು ಎನ್ನದೆ ಹಿಡಿ ಮೇಲೆ ಹಿಡಿ ಬಿದ್ದವು. ಸೂಫಿಯಾ ಎದ್ದುಬಂದು, ಬೊಗಸೆ ತುಂಬಾ ತಂದು ಸುರಿದಳು. ವನಜಾಕ್ಷಿ ಅವಳ ಮುಖ ನೋಡಿದಳು. ಕಣ್ಣು ಒದ್ದೆಯಾಗಿತ್ತು. ಗೆದ್ದೆ ಎಂದುಕೊಂಡಳು ವನಜಾಕ್ಷಿ.

ಗೆಲುವು ಮಧ್ಯಾಹ್ನದ ಊಟದ ತನಕ ಉಳಿಯಿತು.

ಅಖೀಲ ಬುತ್ತಿ ಕೊಡಲು ಬೈಕಿನಲ್ಲಿ ಬಂದಿದ್ದ. ತಿಪ್ಪಮ್ಮ ಸುಮ್ಮನಿರಲಾರದೆ, "ಏನಪ್ಪಾ, ಹೆಂಡ್ತಿನ ಒಂದ್ ಪಿಕ್ಚರ್‌ಗಾದ್ರೂ ಕರ್ಕೊಂಡು ಹೋಗೋ," ಎಂದಳು.

"ಮೊನ್ನೆ ಶನಿವಾರ ತರೀಕೆರೆಗೆ ಕರ್ಕೊಂಡೋಗಿದ್ದೆ ಅಜ್ಜಿ. ಅದೇ, ಅಣ್ಣ ತಮ್ಮಂದು, ಅಡುಗೆ ಭಟ್ಟಂದು," ಎಂದು ಬೈಕ್ ತಿರುಗಿಸಿಕೊಂಡು ಹೋದ.

ಬೈಕಿನ ಸದ್ದಿನಲ್ಲಿ ತಿಪ್ಪಮ್ಮನಿಗೆ ಅದು ಕೇಳಿಸಲಿಲ್ಲ, ಉಳಿದವರು ದೂರ ಕೂತಿದ್ದರು. ಕೇಳಿಸಿದ್ದು ವನಜಾಕ್ಷಿಗೆ. ಎತ್ತಿದ ತುತ್ತನ್ನು ಬುತ್ತಿಗೇ ಇಟ್ಟು ಸೂಫಿಯಾಳ ಕಡೆ ನೋಡಿದಳು. ಸೂಫಿಯಾ ಬುತ್ತಿಯ ಮುಚ್ಚಳ ತೆಗೆಯುವುದರಲ್ಲೇ ಮಗ್ನಳಾಗಿದ್ದಳು.

ಕೈ ತೊಳೆಯುವ ತೊಟ್ಟಿಯ ಹತ್ತಿರ ವನಜಾಕ್ಷಿ ಅವಳನ್ನು ಹಿಡಿದಳು. "ನೋಡಿದ್ಯಲ್ಲ. ಯಾಕೆ ಸುಮ್ನಿದ್ದೆ?"

"ಎಲ್ರೂ ಅಳ್ತಿದ್ರಲ್ಲ ಅಕ್ಕಾ. ಟಾಕೀಸ್‌ನಾಗೆ ಒಬ್ರೂ ಅಳ್ಲಿಲ್ಲ."

"ಏನಾಗುತ್ತೆ ಕೊನೆಗೆ?"

ಸೂಫಿಯಾ ಕೈ ಒರೆಸಿಕೊಂಡಳು. "ಏನೂ ಆಗಲ್ಲ. ತಮ್ಮಂಗೆ ರುಚಿ ಮೇಲೇ ಅಣ್ಣ ಅಂತ ಗೊತ್ತಾಗುತ್ತೆ. ತಲೆ ಎತ್ತಲ್ಲ. ಎಲೆ ನೋಡ್ಕಂತ, 'ಇನ್ನೊಂಚೂರು ಬಡ್ಸಿ' ಅಂತಾನೆ. ಅಣ್ಣ ಬಡಿಸ್ತಾನೆ. ಇವ್ನು ಪೂರಾ ಉಣ್ತಾನೆ, ಎದ್ದು ಹೋಗ್ತಾನೆ. ಅಷ್ಟೇ. ನಮ್ ಹಿಂದೆ ಕೂತಿದ್ದವ್ನು 'ಲೇ, ದುಡ್ಡು ವಾಪಸ್ ಕೊಡ್ರೋ' ಅಂದ."

"ಥೂ," ಎಂದಳು ವನಜಾಕ್ಷಿ. "ಅದೂ ಒಂದು ಕೊನೇನಾ."

ಆದರೆ ಸಂಜೆ ತನಕ ಆ ಮಾತು ಅವಳನ್ನು ಬಿಡಲಿಲ್ಲ. ಇನ್ನೊಂಚೂರು ಬಡ್ಸಿ. ಅಣ್ಣನೆಂದು ಕರೆಯುವ ಧೈರ್ಯವಿಲ್ಲದವನು, ಬಿಟ್ಟು ಏಳಲೂ ಆಗದವನು, ಇನ್ನೇನು ಕೇಳಿಯಾನು? ಎಷ್ಟು ಸಣ್ಣ ಮಾತು. ಬೀರೂರು ದಾಟುವ ತನಕ ಯೋಚಿಸಿದರೂ ತನಗೆ ಹೊಳೆಯಲಿಲ್ಲವಲ್ಲ. ಇಷ್ಟು ದಿನ ಸೂಫಿಯಾಳ ಮೇಲೆ ಮಾತ್ರ ಇದ್ದ ಉರಿ ಈಗ ಆ ಪಿಕ್ಚರ್ ಬರೆದ, ಮುಖವೇ ಕಾಣದ ಯಾವನೋ ಒಬ್ಬನ ಮೇಲೂ ಹರಡಿತು. ಅದರ ಜೊತೆಗೆ ಇನ್ನೊಂದು ಯೋಚನೆ: ಈ ಹುಡುಗಿ ಇವತ್ತು ಬಾಯಿ ಮುಚ್ಚಿಕೊಂಡಿದ್ದಾಳೆ. ನಾಳೆ ಯಾವುದೋ ಮಾತಿಗೆ ನಗುನಗುತ್ತ ಹೇಳಿಬಿಟ್ಟರೆ? ಅದಕ್ಕಿಂತ ತಾನೇ ಮೊದಲು ಹೇಳಿಬಿಡುವುದು ಲೇಸು.

ಮಂಗಳವಾರ ತಿಪ್ಪಮ್ಮನೇ, "ಆ ಸಾರಿನ ಪಿಕ್ಚರ್ ಇನ್ನೊಂದ್ಸಲ ಹೇಳೇ ವನಜಿ," ಎಂದಳು. ವನಜಾಕ್ಷಿ ಹೇಳಿದಳು. ಕೊನೆ ಬಂದಾಗ ತನಗೆ ತಿಳಿದಷ್ಟೂ ಚೆನ್ನಾಗಿ, ದನಿ ತಗ್ಗಿಸಿ, "ಇನ್ನೊಂಚೂರು ಬಡ್ಸಿ ಅಂದ. ಅಣ್ಣ ಬಡಿಸ್ದ. ಉಂಡು ಎದ್ದು ಹೋದ," ಎಂದು ನಿಲ್ಲಿಸಿದಳು.

ಒಂದು ಹಿಡಿಯೂ ಬೀಳಲಿಲ್ಲ.

"ಆಮೇಲೆ?" ಎಂದಳು ತಿಪ್ಪಮ್ಮ.

"ಆಮೇಲೆ ಏನೂ ಇಲ್ಲ. ಮುಗೀತು."

"ಎಲ್ ಮುಗೀತು? ಕಾಲಿಗೆ ಬೀಳ್ಬೇಕಲ್ಲ. ನಿನ್ನೆ ಬಿದ್ದೋನು ಇವತ್ತು ಉಂಡ್ಬಿಟ್ಟು ಎದ್ದೋದ ಅಂದ್ರೆ? ಅವನೇನು ಮನುಷ್ಯನಾ? ನಿಂಗೆ ಮರೆವು ಶುರುವಾಗೈತೆ ಕಣೇ, ಒಂದೆಲಗ ತಿನ್ನು."

ಹೌದು ಹೌದು ಎಂದು ಎಲ್ಲರೂ ಸೇರಿಕೊಂಡರು. ನಿಜ ಹೇಳಿ ಸುಳ್ಳಿಯಾದಳು ವನಜಾಕ್ಷಿ. ಸೂಫಿಯಾ ಸುಲಿಯುವುದು ನಿಲ್ಲಿಸಿ, "ಇಲ್ಲಜ್ಜಿ, ಅಕ್ಕ ಹೇಳಿದ್ದು…" ಎಂದು ಶುರು ಮಾಡಿದಳು. ಇವಳು ತನ್ನ ಪರ ಸಾಕ್ಷಿ ಹೇಳುವುದೊಂದು ಬಾಕಿ ಇತ್ತು!

"ಬಿದ್ದ ಕಣ್ರೇ," ಎಂದಳು ವನಜಾಕ್ಷಿ ಥಟ್ಟನೆ. "ಉಂಡ, ಕೈ ತೊಳ್ಕಂಡ, ಬಂದು ಬಿದ್ದ. ಎಂಜಲು ಕೈಯಾಗೆ ಕಾಲು ಮುಟ್ಟೋದೇನು ಚೆಂದ?"

"ಹಾಂ, ಹಂಗೇಳು," ಎಂದು ತಿಪ್ಪಮ್ಮ ಸಮಾಧಾನಗೊಂಡಳು. ಹಿಡಿಗಳು ಬಿದ್ದವು. ಸೂಫಿಯಾ ಮಾತ್ರ ಹಾಕಲಿಲ್ಲ. ತುಟಿಯಂಚಿನಲ್ಲಿ ನಗು ಒತ್ತಿಕೊಂಡು ಸುಲಿಯುತ್ತಿದ್ದಳು. ತುಂಬಿದ ಡಬ್ಬ ನೋಡಿ ವನಜಾಕ್ಷಿಗೆ ಸಂತೋಷವೇ ಆಗಲಿಲ್ಲ. ಆ ಊಟವನ್ನು ಸೂಫಿಯಾ ಕಣ್ಣಾರೆ ಕಂಡಿದ್ದಾಳೆ. ತಾನು ಅವಳ ಬಾಯಿಂದ ಕೇಳಿದವಳು, ಅಷ್ಟೇ. ಈ ಒಂದು ಮುಳ್ಳು ವಾರವಿಡೀ ಒಳಗೆ ಆಡಿತು.

ಭಾನುವಾರ ಅವಳು ಮತ್ತೆ ಕಡೂರಿಗೆ ಹೋದಳು. ಬಸ್ಸಿನ ಹೊತ್ತಾಯಿತು. ಕಾಲುಗಳು ತಾವಾಗಿ ಏಳಲು ನೋಡಿದವು. ಮುಂದಿನ ಕುರ್ಚಿಯ ಬೆನ್ನು ಹಿಡಿದು ಕೂತಳು. ತಮ್ಮ ಉಂಡ. ಇನ್ನೊಂಚೂರು ಬಡ್ಸಿ ಎಂದ. ಅಣ್ಣ ಸೌಟು ತುಂಬಿಸಿ ಬಡಿಸಿದ. ತಮ್ಮ ಎದ್ದು ಹೋದ. ಅಷ್ಟರಲ್ಲಿ ಟಾಕೀಸಿನ ಗಂಡಸರೆಲ್ಲ ಧಡಧಡನೆ ಎದ್ದರು. ಗೇಟಿನಲ್ಲಿ ಗದ್ದಲವಾಗುವ ಮೊದಲೇ ಬೈಕ್ ತೆಗೆಯಬೇಕು. ಹೆಂಡತಿಯರೂ ಮಕ್ಕಳನ್ನು ಎತ್ತಿಕೊಂಡು ಹಿಂದೆ ಓಡಿದರು. ಪರದೆ ಮರೆಯಾಯಿತು. ವನಜಾಕ್ಷಿ ಪಕ್ಕಕ್ಕೆ ಬಾಗಿ, ಜನರ ಸಂದಿಯಿಂದ ನೋಡಿದಳು.

ಪಿಕ್ಚರ್ ಇನ್ನೂ ಇತ್ತು.

ಎಲೆ ತೆಗೆಯಲು ಬಂದ ಹೆಂಗಸನ್ನು ಅಣ್ಣ ತಡೆದ. ತಮ್ಮನ ಎಲೆಯ ಮುಂದೆ ಕೂತ. ಎಲೆ ಬರಿದಾಗಿತ್ತು, ಒಂದು ಮೂಲೆಯಲ್ಲಿ ಮಾತ್ರ ಒಂದು ತುತ್ತು ಅನ್ನ ಕಲಸಿ, ಉಂಡೆ ಮಾಡಿ, ಮುಟ್ಟದೆ ಇಟ್ಟಿತ್ತು. ಚಿಕ್ಕವನಿದ್ದಾಗ ಆ ಹುಡುಗ ಅಣ್ಣನಿಗೆಂದು ಹೀಗೇ ಎತ್ತಿಡುತ್ತಿದ್ದ. ಮೊದಲಲ್ಲೊಮ್ಮೆ ತೋರಿಸಿದ್ದರು, ಯಾರೂ ಗಮನಿಸಿರಲಿಕ್ಕಿಲ್ಲ. ಅಣ್ಣ ಅದನ್ನು ತೆಗೆದು ಬಾಯಿಗಿಟ್ಟುಕೊಂಡ. ದೀಪ ಹತ್ತಿತು.

ಖಾಲಿ ಕುರ್ಚಿಗಳ ನಡುವೆ ವನಜಾಕ್ಷಿ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದಳು. ಗುಡಿಸುವವನು ಬಂದು, "ಮುಗೀತಮ್ಮ," ಎಂದ ಮೇಲೆ ಎದ್ದಳು. ಬಾಗಿಲ ತನಕ ಬಂದವಳಿಗೆ ಅಖೀಲನ ಬೈಕಿನ ನೆನಪಾಯಿತು. ಗೇಟಿನ ಗದ್ದಲಕ್ಕೆ ಮೊದಲೇ ಅವನೂ ಅದನ್ನು ತೆಗೆದಿರಬೇಕು, ಸೂಫಿಯಾ ಹಿಂದೆ ಓಡಿರಬೇಕು.

ಅಜ್ಜಂಪುರದ ಬಸ್ಸಿನಲ್ಲಿ ಬಂದು ತನ್ನೂರಿನ ಕ್ರಾಸಿನಲ್ಲಿ ಇಳಿದಾಗ ಕೆಂಪರಾಜು ಮೊಪೆಡ್ ನಿಲ್ಲಿಸಿಕೊಂಡು ಕಾಯುತ್ತಿದ್ದ. "ಪಿಕ್ಚರ್ ಅಷ್ಟು ಉದ್ದ ಐತೇನೇ?" ಎಂದು ಗೊಣಗಿದ. "ಉದ್ದಾನೇ ಐತೆ," ಎಂದು ಅವಳು ಹಿಂದೆ ಹತ್ತಿ ಕೂತಳು.

ಮಾರನೆಯ ಬೆಳಿಗ್ಗೆ ಸೂಫಿಯಾ ಕತ್ತಿಯ ಮುಂದೆ ಕೂರುವ ಮೊದಲೇ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು. "ಮತ್ತೆ ಹೋಗಿದ್ರಂತೆ ಅಕ್ಕಾ? ಕೊನೆ ನೋಡಿದ್ರಾ? ನಾನು ಹೇಳಿದ್ದೇ ಅಲ್ವಾ?"

ವನಜಾಕ್ಷಿ ಅವಳನ್ನೊಮ್ಮೆ ನೋಡಿದಳು. ಒಳ್ಳೆಯ ಹುಡುಗಿ. ಹೇಳಿದರೆ ಎಷ್ಟು ಖುಷಿಪಟ್ಟಾಳು, ಅದೂ ಗೊತ್ತಿತ್ತು.

"ಅದೇ ಕಣೇ," ಎಂದಳು. ಒಂದು ಅಡಿಕೆ ತೆಗೆದುಕೊಂಡು ಕತ್ತಿಗೆ ಬಾಗಿದಳು.